ವಾದ್ಯವೃಂದದ ಮುಂದೆ ನಿಲ್ಲುವ ಮೊದಲು: ಕಂಡಕ್ಟರ್‌ನ ಪೂರ್ವಸಿದ್ಧತೆಗೆ ಒಂದು ಸಮಗ್ರ ಮಾರ್ಗದರ್ಶಿ

ಸಿಂಫನಿ ಆರ್ಕೆಸ್ಟ್ರಾದ ವೇದಿಕೆಯ ಮೇಲೆ ಎಂಬತ್ತು ತೊಂಬತ್ತು ಮಂದಿ ಇದ್ದರೂ ಒಂದು ಸ್ವರವನ್ನೂ ನುಡಿಸದವರು ಕಂಡಕ್ಟರ್ ಮಾತ್ರ. ಸಭಿಕರಿಗೆ ಕಾಣುವುದು ಅವರ ಬೆನ್ನು ಮತ್ತು ಕೈಗಳ ಚಲನೆ; ಆ ಚಲನೆಗೆ ಅರ್ಥ ಬರುವುದು ಅದಕ್ಕೂ ವಾರಗಟ್ಟಲೆ ಮೊದಲು ಒಂಟಿಯಾಗಿ ಕುಳಿತು ತೆಗೆದುಕೊಂಡ ತೀರ್ಮಾನಗಳಿಂದ. ಕೃತಿಯ ಪ್ರತಿಯೊಂದು ಜಾಗದಲ್ಲೂ ಏನು ಬೇಕೆಂದು ನಿರ್ಧರಿಸುವುದು ಸಿದ್ಧತೆಯ ಅರ್ಧ ಭಾಗವಾದರೆ, ಆ ನಿರ್ಧಾರವನ್ನು ಕಲಾವಿದರಿಗೆ ಯಾವ ದಾರಿಯಲ್ಲಿ ಮುಟ್ಟಿಸಬೇಕೆಂದು ಗೊತ್ತುಮಾಡಿಕೊಳ್ಳುವುದು ಇನ್ನರ್ಧ. ದಾರಿಗಳಿರುವುದು ಮೂರೇ: ಕಲಾವಿದರ ಮುಂದಿರುವ ಕಾಗದದ ಮೇಲಿನ ಗುರುತು, ಕಂಡಕ್ಟರ್‌ನ ಕೈ, ಮತ್ತು ರಿಹರ್ಸಲ್‌ನಲ್ಲಿ ಆಡುವ ಮಾತು. ಕಾಗದದಿಂದ ಆಗುವುದನ್ನು ಕೈಗೆ ಬಿಡಬಾರದು, ಕೈಯಿಂದ ಆಗುವುದನ್ನು ಮಾತಿಗೆ ಬಿಡಬಾರದು ಎಂಬ ನಿಲುವಿನಿಂದಲೇ ಮುಂದಿನ ಹಂತಗಳನ್ನು ವಿವರಿಸುತ್ತೇನೆ. ಉದಾಹರಣೆಗೆ ಹೆಚ್ಚಾಗಿ ಬಳಸಿಕೊಂಡಿರುವುದು ಬೀಥೋವನ್‌ನ ಐದನೇ ಸಿಂಫನಿಯನ್ನು. ಎಲ್ಲರಿಗೂ ಪರಿಚಿತವಾದ ಈ ಕೃತಿಯಲ್ಲಿ ಕಂಡಕ್ಟರ್‌ಗೆ ಎದುರಾಗುವ ತೊಡಕುಗಳು ಮೊದಲ ಬಾರ್‌ನಿಂದಲೇ (ಬಾರ್ ಎಂದರೆ ಸ್ವರಲಿಪಿಯಲ್ಲಿ ಗೆರೆ ಹಾಕಿ ಬೇರ್ಪಡಿಸಿದ, ತಾಳದ ಆವರ್ತದಂಥ ಬಡಿತಗಳ ಗುಂಪು) ಶುರುವಾಗುತ್ತವೆ.

ಸ್ಕೋರ್ ಆರಿಸಿಕೊಳ್ಳುವುದು

ಎಲ್ಲ ವಾದ್ಯಗಳ ಸಾಲುಗಳನ್ನು ಒಂದರ ಕೆಳಗೊಂದು ಜೋಡಿಸಿ ಬರೆದಿರುವ ಪೂರ್ಣ ಸ್ವರಲಿಪಿಗೆ ಸ್ಕೋರ್ ಎನ್ನುತ್ತಾರೆ. ಒಬ್ಬೊಬ್ಬ ಕಲಾವಿದರ ಮುಂದೆ ಇರುವುದು ಅವರ ವಾದ್ಯದ ಸಾಲು ಮಾತ್ರ ಇರುವ ಪಾರ್ಟ್. ಒಂದೇ ಕೃತಿಯ ಸ್ಕೋರ್ ಹಲವು ಮುದ್ರಣಗಳಲ್ಲಿ ಸಿಗುತ್ತದೆ ಮತ್ತು ಅವುಗಳ ನಡುವಿನ ವ್ಯತ್ಯಾಸ ಯಾವಾಗಲೂ ಚಿಕ್ಕದಾಗಿರುವುದಿಲ್ಲ. ಬ್ರೂಕ್ನರ್‌ನ ಎಂಟನೇ ಸಿಂಫನಿಗೆ 1887 ಮತ್ತು 1890ರ ಎರಡು ಪಾಠಾಂತರಗಳಿವೆ. ಇಪ್ಪತ್ತನೇ ಶತಮಾನದಲ್ಲಿ ಹಾಸ್ ಮತ್ತು ನೋವಾಕ್ ಸಂಪಾದಿಸಿದ ಮುದ್ರಣಗಳಲ್ಲಿ ಒಂದರಲ್ಲಿರುವ ಕೆಲವು ಬಾರ್‌ಗಳು ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಮಾಲರ್‌ನ ಆರನೇ ಸಿಂಫನಿ ಮೊದಲು ಅಚ್ಚಾದಾಗ ಸ್ಕೆರ್ಟ್ಸೊ ಎಂಬ ಚುರುಕು ನಡೆಯ ಭಾಗ ಎರಡನೆಯದಾಗಿತ್ತು, ಆದರೆ 1906ರ ಪ್ರಥಮ ಪ್ರದರ್ಶನದ ಹೊತ್ತಿಗೆ ಮಾಲರ್ ಅದನ್ನು ಮೂರನೆಯ ಜಾಗಕ್ಕೆ ಸರಿಸಿ, ಆಂದಾಂತೆ ಎಂಬ ನಿಧಾನ ಭಾಗವನ್ನು ಮುಂದೆ ತಂದ. ಇಂದಿಗೂ ಕಂಡಕ್ಟರ್‌ಗಳು ಈ ಎರಡು ಕ್ರಮಗಳಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕಾಗಿದೆ. 1913ರಲ್ಲಿ ಪ್ಯಾರಿಸ್‌ನಲ್ಲಿ ಮೊದಲು ಪ್ರದರ್ಶನಗೊಂಡ ಸ್ಟ್ರಾವಿನ್‌ಸ್ಕಿಯ ‘ದಿ ರೈಟ್ ಆಫ್ ಸ್ಪ್ರಿಂಗ್’ ಕೃತಿಯ ಕೊನೆಯ ನೃತ್ಯವನ್ನು ಅವನೇ 1943ರಲ್ಲಿ ಬೇರೆ ರೀತಿಯ ಬಾರ್‌ಗಳಾಗಿ ಒಡೆದು ಬರೆದ. ಹಳೆಯ ಸ್ಕೋರ್ ನೋಡಿ ಕೈಗೆ ರೂಢಿಮಾಡಿಕೊಂಡ ಕಂಡಕ್ಟರ್ ಹೊಸ ಪಾರ್ಟ್‌ಗಳಿರುವ ಆರ್ಕೆಸ್ಟ್ರಾದ ಮುಂದೆ ನಿಂತರೆ ಏನಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು.

ಆದ್ದರಿಂದ ಅಧ್ಯಯನಕ್ಕೆ ಕೂರುವ ಮೊದಲೇ ಆರ್ಕೆಸ್ಟ್ರಾದ ಗ್ರಂಥಪಾಲಕರನ್ನು ಸಂಪರ್ಕಿಸಿ, ಅವರಲ್ಲಿರುವ ಪಾರ್ಟ್‌ಗಳು ಯಾವ ಪ್ರಕಾಶಕರವು, ಅವುಗಳ ಬಾರ್ ಸಂಖ್ಯೆಗಳೂ ರಿಹರ್ಸಲ್ ಅಕ್ಷರಗಳೂ (ಜಾಗ ಹೇಳಲು ಅನುಕೂಲವಾಗುವಂತೆ ಅಲ್ಲಲ್ಲಿ ಅಚ್ಚುಹಾಕಿರುವ ಎ, ಬಿ, ಸಿ ಗುರುತುಗಳು) ನಿಮ್ಮ ಸ್ಕೋರ್‌ಗೆ ಹೊಂದುತ್ತವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೊಂದದಿದ್ದರೆ ನಿಮ್ಮ ಸ್ಕೋರ್‌ನಲ್ಲೇ ಅವರ ಅಕ್ಷರಗಳನ್ನು ಬರೆದುಕೊಳ್ಳಿ. ಎಂಬತ್ತು ಪಾರ್ಟ್‌ಗಳನ್ನು ತಿದ್ದುವುದಕ್ಕಿಂತ ಒಂದು ಸ್ಕೋರ್ ತಿದ್ದುವುದು ಸುಲಭ. ಇದೇ ಸಂದರ್ಭದಲ್ಲಿ ಎಷ್ಟು ಮಂದಿ ತಂತಿವಾದ್ಯದವರು ಇರುತ್ತಾರೆ, ಪಿಕೊಲೊ, ಕಾಂಟ್ರಾಬಸೂನ್‌ನಂಥ ಹೆಚ್ಚುವರಿ ವಾದ್ಯಗಳಿಗೆ ಜನ ಗೊತ್ತಾಗಿದ್ದಾರೆಯೇ ಎಂಬುದನ್ನೂ ಕೇಳಿಕೊಳ್ಳಬೇಕು.

ಓದುವುದು

ಸ್ಕೋರ್ ಪುಟದಲ್ಲಿ ಮೇಲಿನಿಂದ ಕೆಳಕ್ಕೆ ಫ್ಲೂಟ್, ಓಬೊ, ಕ್ಲಾರಿನೆಟ್, ಬಸೂನ್, ಆಮೇಲೆ ಹಾರ್ನ್, ಟ್ರಂಪೆಟ್ ಮೊದಲಾದ ಹಿತ್ತಾಳೆ ವಾದ್ಯಗಳು, ನಂತರ ಟಿಂಪನಿ ಮತ್ತಿತರ ತಾಳವಾದ್ಯಗಳು, ಕಟ್ಟಕಡೆಗೆ ತಂತಿವಾದ್ಯಗಳು ಇರುತ್ತವೆ. ಕಣ್ಣಿಗೆ ಕಾಣುವ ಸ್ವರವೇ ಕಿವಿಗೆ ಕೇಳುವ ಸ್ವರ ಅಲ್ಲ ಎಂಬುದು ಹೊಸಬರಿಗೆ ಮೊದಲ ಅಡ್ಡಿ. ಸ್ಕೋರ್‌ನಲ್ಲಿ ಸಿ ಎಂದು ಬರೆದಿದ್ದರೆ ಬಿ ಫ್ಲಾಟ್ ಕ್ಲಾರಿನೆಟ್‌ನಿಂದ ಕೇಳಿಸುವುದು ಬಿ ಫ್ಲಾಟ್, ಇ ಫ್ಲಾಟ್ ಹಾರ್ನ್‌ನಿಂದ ಇ ಫ್ಲಾಟ್, ಎಫ್ ಹಾರ್ನ್‌ನಿಂದ ಎಫ್. ಡಬಲ್ ಬಾಸ್ ಬರೆದುದಕ್ಕಿಂತ ಒಂದು ಆಕ್ಟೇವ್ (ಸ್ಥಾಯಿ) ಕೆಳಗೆ, ಪಿಕೊಲೊ ಒಂದು ಆಕ್ಟೇವ್ ಮೇಲೆ ನುಡಿಯುತ್ತವೆ. ವಯೋಲಾ ಸಾಲು ಆಲ್ಟೊ ಕ್ಲೆಫ್‌ನಲ್ಲಿ, ಅಂದರೆ ಗೆರೆಗಳ ಮೇಲಿನ ಸ್ವರಸ್ಥಾನಗಳನ್ನು ಬೇರೆಯಾಗಿ ಓದಬೇಕಾದ ಗುರುತಿನಡಿ ಇರುತ್ತದೆ. ಇವನ್ನೆಲ್ಲ ಒಟ್ಟಿಗೆ ಓದಿ ಒಂದು ಸ್ವರಮೇಳವಾಗಿ ಕೇಳಿಸಿಕೊಳ್ಳುವ ಸಾಮರ್ಥ್ಯ ದಿನವೂ ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡುವುದರಿಂದ ಮಾತ್ರ ಬರುತ್ತದೆ. ಪಿಯಾನೊ ಮುಂದೆ ಕುಳಿತು ಮೊದಲು ತಂತಿವಾದ್ಯಗಳ ನಾಲ್ಕು ಸಾಲುಗಳನ್ನು, ಆಮೇಲೆ ಅವುಗಳ ಜೊತೆಗೆ ಒಂದು ಹಾರ್ನ್ ಅಥವಾ ಕ್ಲಾರಿನೆಟ್ ಸಾಲನ್ನು ನುಡಿಸಿ ನೋಡುವುದು ಈ ಅಭ್ಯಾಸದ ಹಳೆಯ ಕ್ರಮ.

ಮೊದಲ ಓದನ್ನು ಧ್ವನಿಮುದ್ರಣದ ನೆರವಿಲ್ಲದೆ, ಒಂದೇ ಪಟ್ಟಿಗೆ ಕೊನೆಯ ಪುಟದವರೆಗೆ ಮಾಡುವುದು ಒಳ್ಳೆಯದು. ಅರ್ಥವಾಗದ ಜಾಗದಲ್ಲಿ ನಿಲ್ಲದೆ ಕೃತಿಯ ಒಟ್ಟು ನಡೆ ಹೇಗಿದೆ, ಎಲ್ಲಿ ಏರುತ್ತದೆ, ಎಲ್ಲಿ ತಿರುಗುತ್ತದೆ, ಎಲ್ಲಿ ಮೊದಲಿನದೇ ಮರಳಿ ಬರುತ್ತದೆ ಎಂಬುದನ್ನಷ್ಟೇ ಗಮನಿಸಬೇಕು. ಎರಡನೆಯ ಓದಿನಲ್ಲಿ ವಾಕ್ಯಗಳ ಅಳತೆ ಹಿಡಿಯಬೇಕು. ಐದನೇ ಸಿಂಫನಿಯ ಮೊದಲ ಭಾಗದ ಬಾರ್‌ಗಳು ತೀರ ಚಿಕ್ಕವು, ಅವನ್ನು ಒಂದೊಂದಾಗಿ ಓದಿದರೆ ಸಂಗೀತ ಚೂರುಚೂರಾಗಿ ಕಾಣುತ್ತದೆ. ಸಾಮಾನ್ಯವಾಗಿ ನಾಲ್ಕು ಬಾರ್‌ಗಳು ಸೇರಿ ಒಂದು ವಾಕ್ಯವಾಗುತ್ತವೆ. ಪ್ರತಿ ವಾಕ್ಯದ ಕೊನೆಗೆ ಪುಟದ ಮೇಲಿನಿಂದ ಕೆಳಗಿನವರೆಗೆ ಪೆನ್ಸಿಲಿನಲ್ಲಿ ಒಂದು ನೇರ ಗೆರೆ ಎಳೆದರೆ, ಎಲ್ಲಿ ನಾಲ್ಕರ ಬದಲು ಐದೋ ಆರೋ ಬಾರ್‌ಗಳಾಗಿವೆ ಎಂಬುದು ತಾನಾಗಿಯೇ ಎದ್ದು ಕಾಣುತ್ತದೆ, ಮತ್ತು ಸ್ವಾರಸ್ಯ ಇರುವುದು ಸಾಮಾನ್ಯವಾಗಿ ಅಂಥ ಜಾಗಗಳಲ್ಲೇ.

ಆಮೇಲಿನದು ಒಂದೊಂದೇ ವಾದ್ಯದ ಸಾಲನ್ನು ಮೊದಲಿನಿಂದ ಕೊನೆಯವರೆಗೆ ಹಾಡಿಕೊಳ್ಳುವ ಕೆಲಸ. ಬೇಸರದ ಕೆಲಸವೆಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಎರಡನೇ ಬಸೂನ್ ನುಡಿಸುವವರ ಬದುಕು ಹೇಗಿದೆ, ಅವರು ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಷ್ಟು ಹೊತ್ತು ಸುಮ್ಮನಿದ್ದು ದಿಢೀರನೆ ಪ್ರವೇಶಿಸಬೇಕು ಎಂಬುದು ತಿಳಿಯುವುದು ಹೀಗೆಯೇ. ಡ್ವೊರ್ಜಾಕ್‌ನ ಒಂಬತ್ತನೇ ಸಿಂಫನಿಯಲ್ಲಿ ಸಿಂಬಲ್‌ಗೆ ಇರುವುದು ಇಡೀ ಕೃತಿಯಲ್ಲಿ ಒಂದೇ ಒಂದು ಹೊಡೆತ, ಅದೂ ಕೊನೆಯ ಭಾಗದಲ್ಲಿ. ಮೂರು ಭಾಗಗಳುದ್ದಕ್ಕೂ ಕಾದು ಕುಳಿತ ಆ ಕಲಾವಿದರ ಕಡೆಗೆ ಸರಿಯಾದ ಕ್ಷಣಕ್ಕೆ ಕಣ್ಣು ಹಾಯಿಸಬೇಕೆಂಬ ಅರಿವು, ಅವರ ಸಾಲನ್ನು ಬೇರೆಯಾಗಿ ಓದಿದವರಿಗೆ ಮಾತ್ರ ಇರುತ್ತದೆ.

ಧ್ವನಿಮುದ್ರಣಗಳನ್ನು ಕೇಳಲೇಬಾರದೆಂದು ನಾನು ಹೇಳುವುದಿಲ್ಲ. ನಿಮ್ಮ ತೀರ್ಮಾನಗಳು ಒಂದು ರೂಪಕ್ಕೆ ಬಂದ ಮೇಲೆ, ಒಂದಕ್ಕಿಂತ ಹೆಚ್ಚು ಕಂಡಕ್ಟರ್‌ಗಳದನ್ನು ಹೋಲಿಸಿ ಕೇಳಿದರೆ ಪ್ರಯೋಜನವಿದೆ. ಅದಕ್ಕೂ ಮೊದಲು ಒಬ್ಬರದನ್ನೇ ಮತ್ತೆ ಮತ್ತೆ ಕೇಳಿದರೆ ಅವರ ಅಭ್ಯಾಸಗಳು ಸ್ಕೋರ್‌ನಲ್ಲೇ ಬರೆದಿವೆಯೇನೋ ಎಂಬಷ್ಟು ಗಟ್ಟಿಯಾಗಿ ಕಿವಿಯಲ್ಲಿ ಕುಳಿತುಬಿಡುತ್ತವೆ.

ತೀರ್ಮಾನಿಸುವುದು

ಗತಿ ಎಲ್ಲಕ್ಕಿಂತ ಮೊದಲ ಪ್ರಶ್ನೆ. ಮೇಲ್ಟ್ಸೆಲ್ 1815ರಲ್ಲಿ ಮೆಟ್ರೊನೋಮ್‌ಗೆ (ನಿಮಿಷಕ್ಕೆ ಇಷ್ಟು ಬಡಿತವೆಂದು ಸದ್ದಿನಿಂದ ತೋರಿಸುವ ಉಪಕರಣ) ಪೇಟೆಂಟ್ ಪಡೆದ ಮೇಲೆ, 1817ರಲ್ಲಿ ಬೀಥೋವನ್ ಅದುವರೆಗಿನ ತನ್ನ ಎಂಟು ಸಿಂಫನಿಗಳಿಗೂ ಮೆಟ್ರೊನೋಮ್ ಸಂಖ್ಯೆಗಳನ್ನು ಪ್ರಕಟಿಸಿದ. ಐದನೆಯದರ ಮೊದಲ ಭಾಗಕ್ಕೆ ಅವನು ಕೊಟ್ಟಿರುವುದು ಹಾಫ್ ನೋಟ್‌ಗೆ (ಇಲ್ಲಿ ಒಂದು ಬಾರ್‌ನಷ್ಟು ಉದ್ದದ ಸ್ವರ) 108, ಅಂದರೆ ನಿಮಿಷಕ್ಕೆ 108 ಬಾರ್‌ಗಳು. ಲೆಕ್ಕ ಹಾಕಿದರೆ ಒಂದು ಬಾರ್‌ಗೆ ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು, ಹಾಫ್ ನೋಟ್‌ನ ಕಾಲು ಭಾಗವಾದ ಒಂದೊಂದು ಎಯ್ತ್ ನೋಟ್‌ಗೆ ಸೆಕೆಂಡಿನ ಏಳನೇ ಒಂದು ಭಾಗದಷ್ಟು ಸಮಯ. ಈ ಸಂಖ್ಯೆಯನ್ನು ಅಕ್ಷರಶಃ ಪಾಲಿಸಬೇಕೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅದನ್ನು ಆಜ್ಞೆಯೆಂದು ತೆಗೆದುಕೊಳ್ಳದಿದ್ದರೂ ತಳ್ಳಿಹಾಕಲು ಕಾರಣ ಕೊಡಬೇಕಾದ ಸಾಕ್ಷ್ಯವೆಂದು ತೆಗೆದುಕೊಳ್ಳಬೇಕು: ನಿಮ್ಮ ಸಭಾಂಗಣದ ಪ್ರತಿಧ್ವನಿ, ನಿಮ್ಮ ತಂತಿವಾದ್ಯದವರ ಸಂಖ್ಯೆ, ಮೂರು ಚಿಕ್ಕ ಸ್ವರಗಳು ಒಂದಕ್ಕೊಂದು ಅಂಟಿಕೊಳ್ಳದೆ ಕೇಳಿಸುವ ಮಿತಿ, ಇವುಗಳಲ್ಲಿ ಯಾವುದರಿಂದಾಗಿ ನಿಧಾನಗೊಳಿಸುತ್ತಿದ್ದೀರಿ ಎಂಬುದು ನಿಮಗೆ ತಿಳಿದಿರಬೇಕು. ಗತಿಯನ್ನು ನಿರ್ಧರಿಸುವಾಗ ಆರಂಭದ ಬಾರ್‌ಗಳನ್ನು ಹಾಡಿಕೊಂಡು ಹಿಡಿಯುವುದಕ್ಕಿಂತ, ಆ ಭಾಗದಲ್ಲಿ ಅತಿ ಕ್ಲಿಷ್ಟವಾದ ಅಥವಾ ಅತಿ ಹಾಡುವಂಥ ಜಾಗವನ್ನು ಹಾಡಿಕೊಂಡು ಅಲ್ಲಿಂದ ಹಿಂದಕ್ಕೆ ಬರುವುದು ಹೆಚ್ಚು ಭದ್ರ.

ಎರಡನೆಯದು ಸಮತೋಲ. ಬೀಥೋವನ್ ಜೋರಾಗಿ ನುಡಿಸಬೇಕಾದ ಜಾಗದಲ್ಲಿ ಎಲ್ಲ ವಾದ್ಯಗಳಿಗೂ ಒಂದೇ ಬಗೆಯ ಫೋರ್ಟಿಸ್ಸಿಮೊ ಗುರುತು ಹಾಕಿದ್ದಾನೆ. ಅವನ ಕಾಲದ ಟ್ರಂಪೆಟ್‌ಗಿಂತ ಇಂದಿನ ಟ್ರಂಪೆಟ್‌ನ ದನಿ ದೊಡ್ಡದು. ಇಬ್ಬರು ಟ್ರಂಪೆಟ್‌ನವರು ಬರೆದಂತೆಯೇ ಊದಿದರೆ ಮರದ ಊದುವಾದ್ಯಗಳ ರಾಗ ಮುಳುಗಿಹೋಗುತ್ತದೆ. ಅಂಥ ಜಾಗಗಳಲ್ಲಿ ಟ್ರಂಪೆಟ್‌ಗೆ ಒಂದು ಹಂತ ಕಡಿಮೆ ಮಾಡುವುದೋ, ಉದ್ದನೆಯ ಸ್ವರವನ್ನು ಗಟ್ಟಿಯಾಗಿ ಹಿಡಿದು ತಕ್ಷಣ ತಗ್ಗಿಸಲು ಹೇಳುವುದೋ ಎಂಬುದನ್ನು ಮನೆಯಲ್ಲೇ ನಿರ್ಧರಿಸಬೇಕು.

ಇನ್ನು ಕೆಲವು ತೀರ್ಮಾನಗಳು ಆಯಾ ಕೃತಿಗೇ ವಿಶಿಷ್ಟ. ಐದನೇ ಸಿಂಫನಿಯ ಮೊದಲ ಭಾಗದ ಪೂರ್ವಾರ್ಧದಲ್ಲಿ ಎರಡನೇ ರಾಗಕ್ಕೆ ಮುನ್ನ ಹಾರ್ನ್‌ಗಳು ಒಂದು ಕರೆ ಕೊಡುತ್ತವೆ. ಅದೇ ಕರೆ ಉತ್ತರಾರ್ಧದಲ್ಲಿ ಬೇರೆ ಶ್ರುತಿಯಲ್ಲಿ ಬರುವಾಗ ಬೀಥೋವನ್ ಅದನ್ನು ಬಸೂನ್‌ಗಳಿಗೆ ಕೊಟ್ಟಿದ್ದಾನೆ. ಕವಾಟಗಳಿಲ್ಲದ ಅಂದಿನ ಇ ಫ್ಲಾಟ್ ಹಾರ್ನ್ ಆ ಸ್ವರಗಳನ್ನು ಸರಾಗವಾಗಿ ನುಡಿಸಲಾರದು ಎಂಬುದೇ ಇದಕ್ಕೆ ಕಾರಣವೆಂದು ನಂಬುವ ಕಂಡಕ್ಟರ್‌ಗಳು ಈಗ ಅದನ್ನು ಹಾರ್ನ್‌ಗಳಿಗೇ ವರ್ಗಾಯಿಸುತ್ತಾರೆ. ಬರೆದದ್ದನ್ನು ಬದಲಿಸಬಾರದೆನ್ನುವವರು ಬಸೂನ್‌ಗಳನ್ನೇ ಉಳಿಸಿಕೊಳ್ಳುತ್ತಾರೆ. ಬಸೂನ್‌ನ ಒಣ ದನಿಯೇ ಅಲ್ಲಿಗೆ ಒಪ್ಪುತ್ತದೆಂದು ನನಗನ್ನಿಸುತ್ತದೆ. ನೀವು ಯಾವ ಪಕ್ಷವನ್ನೇ ಹಿಡಿದರೂ ರಿಹರ್ಸಲ್‌ನ ಮಧ್ಯದಲ್ಲಿ ನಿಂತು ಯೋಚಿಸುವ ವಿಷಯ ಇದಲ್ಲ.

ಪಾರ್ಟ್‌ಗಳನ್ನು ಸಿದ್ಧಪಡಿಸುವುದು

ಮೇಲಿನ ತೀರ್ಮಾನಗಳಲ್ಲಿ ಕಾಗದಕ್ಕೆ ಹೋಗಬಹುದಾದದ್ದೆಲ್ಲ ಮೊದಲ ರಿಹರ್ಸಲ್‌ಗೆ ಸಾಕಷ್ಟು ಮುಂಚೆಯೇ ಹೋಗಬೇಕು. ಟ್ರಂಪೆಟ್‌ನ ಬಲ ತಗ್ಗಿಸುವ ಗುರುತು, ಊದುವಾದ್ಯದವರು ಉಸಿರು ತೆಗೆದುಕೊಳ್ಳಬೇಕಾದ ಜಾಗ, ಎರಡು ಭಾಗಗಳ ನಡುವೆ ನಿಲ್ಲದೆ ಮುಂದುವರಿಯಬೇಕೆಂಬ ಸೂಚನೆ, ಪುನರಾವರ್ತನೆ ಇದೆಯೇ ಇಲ್ಲವೇ ಎಂಬುದು, ಎಲ್ಲವೂ ಇದರಲ್ಲಿ ಸೇರುತ್ತವೆ. ರಿಹರ್ಸಲ್‌ನಲ್ಲಿ ಒಂದು ಗುರುತು ಹಾಕಿಸಲು ಅರ್ಧ ನಿಮಿಷ ಹಿಡಿದರೆ ನಲವತ್ತು ಗುರುತುಗಳಿಗೆ ಇಪ್ಪತ್ತು ನಿಮಿಷ ಕಳೆದುಹೋಗುತ್ತದೆ, ಅಷ್ಟು ಹೊತ್ತೂ ಇಡೀ ಆರ್ಕೆಸ್ಟ್ರಾ ಪೆನ್ಸಿಲ್ ಹಿಡಿದು ಕುಳಿತಿರುತ್ತದೆ.

ಇವುಗಳಲ್ಲಿ ದೊಡ್ಡದು ತಂತಿವಾದ್ಯಗಳ ಕಮಾನಿನ ದಿಕ್ಕು. ಕಮಾನನ್ನು ಹಿಡಿಯ ಕಡೆಯಿಂದ ಕೆಳಕ್ಕೆ ಎಳೆದಾಗ ಬರುವ ಸ್ವರಕ್ಕೂ, ತುದಿಯ ಕಡೆಯಿಂದ ಮೇಲಕ್ಕೆ ತಳ್ಳಿದಾಗ ಬರುವ ಸ್ವರಕ್ಕೂ ತೂಕದಲ್ಲಿ ವ್ಯತ್ಯಾಸವಿದೆ. ಒಂದೇ ಕಮಾನಿನಲ್ಲಿ ಎಷ್ಟು ಸ್ವರಗಳು ಬರಬೇಕೆಂಬುದರ ಮೇಲೆ ವಾಕ್ಯದ ಸ್ವರೂಪವೇ ನಿಂತಿದೆ. ಸ್ವತಃ ತಂತಿವಾದ್ಯ ನುಡಿಸದ ಕಂಡಕ್ಟರ್ ಈ ವಿಷಯದಲ್ಲಿ ತನ್ನ ಬಯಕೆಯನ್ನು ಕನ್ಸರ್ಟ್‌ಮಾಸ್ಟರ್‌ಗೆ (ಮೊದಲ ವಯಲಿನ್‌ಗಳ ಮುಖ್ಯಸ್ಥರಿಗೆ) ತಿಳಿಸಿ ಕಮಾನಿನ ಗುರುತುಗಳನ್ನು ಅವರಿಗೇ ಬಿಡುವುದು ಜಾಣತನ. ಆಮೇಲೆ ಪ್ರತಿ ವಿಭಾಗದ ಮುಖ್ಯಸ್ಥರು ಅದಕ್ಕೆ ಹೊಂದಿಸಿಕೊಳ್ಳುತ್ತಾರೆ, ಗ್ರಂಥಪಾಲಕರು ಉಳಿದ ಪಾರ್ಟ್‌ಗಳಿಗೆ ನಕಲು ಮಾಡುತ್ತಾರೆ. ಎಲ್ಲರ ಕಮಾನೂ ಒಂದೇ ದಿಕ್ಕಿಗೆ ಚಲಿಸಲೇಬೇಕೆಂಬ ನಿಯಮವೇನೂ ಇಲ್ಲ. ಫಿಲಡೆಲ್ಫಿಯಾ ಆರ್ಕೆಸ್ಟ್ರಾದಲ್ಲಿ ಲಿಯೊಪೋಲ್ಡ್ ಸ್ಟೊಕೊವ್‌ಸ್ಕಿ ಕಲಾವಿದರಿಗೆ ಕಮಾನಿನ ಸ್ವಾತಂತ್ರ್ಯ ಕೊಟ್ಟು ಕಡಿಯದ ನಾದವನ್ನು ಪಡೆದದ್ದು ಪ್ರಸಿದ್ಧ. ಆದರೆ ಅದೂ ಮೊದಲೇ ಮಾಡಿಕೊಂಡ ಆಯ್ಕೆಯಾಗಿತ್ತು.

ಕಂಡಕ್ಟರ್ ತನ್ನ ಸ್ಕೋರ್‌ಗೆ ಹಾಕಿಕೊಳ್ಳುವ ಗುರುತುಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಪುಟದ ತುಂಬ ಬಣ್ಣ ತುಂಬಿಸಿದರೆ ಯಾವುದೂ ಎದ್ದು ಕಾಣುವುದಿಲ್ಲ. ಪ್ರವೇಶದ ಸೂಚನೆ ಕೊಡಬೇಕಾದ ವಾದ್ಯದ ಹೆಸರು, ಬಾರ್‌ಗಳ ಗುಂಪು, ಕೈಯ ಬಡಿತ ಬದಲಾಗುವ ಜಾಗ, ಇಷ್ಟು ಸಾಕು.

ಕೈಯನ್ನು ಸಿದ್ಧಪಡಿಸುವುದು

ಹದಿನೇಳನೇ ಶತಮಾನದಲ್ಲಿ ಉದ್ದನೆಯ ಕೋಲಿನಿಂದ ನೆಲಕ್ಕೆ ಕುಟ್ಟಿ ತಾಳ ಹಾಕುವ ಪದ್ಧತಿಯಿತ್ತು. ಫ್ರಾನ್ಸಿನ ಆಸ್ಥಾನ ಸಂಗೀತಗಾರ ಲುಲ್ಲಿ ಹಾಗೆ ಕುಟ್ಟುವಾಗ ತನ್ನ ಕಾಲಿಗೇ ಪೆಟ್ಟುಮಾಡಿಕೊಂಡು, ಗಾಯ ಕೊಳೆತು 1687ರಲ್ಲಿ ತೀರಿಕೊಂಡ. ಇಂದಿನ ಬ್ಯಾಟನ್ ಹಗುರವಾದ, ಸುಮಾರು 30ರಿಂದ 40 ಸೆಂಟಿಮೀಟರ್ ಉದ್ದದ ಕಡ್ಡಿ. ಅದರ ಉಪಯೋಗ ಇಷ್ಟೇ, ಮಣಿಕಟ್ಟಿನ ಸಣ್ಣ ಚಲನೆಯನ್ನು ದೂರದವರಿಗೆ ಕಾಣುವಂತೆ ಹಿಗ್ಗಿಸುವುದು. ಸ್ಟೊಕೊವ್‌ಸ್ಕಿ, ಪಿಯರ್ ಬುಲೆಝ್ ಮೊದಲಾದವರು ಬ್ಯಾಟನ್ ಇಲ್ಲದೆಯೇ ನಿರ್ವಹಿಸಿದ್ದಾರೆ. ಹಿಡಿತ ಸಡಿಲವಾಗಿದ್ದು, ಹೆಗಲು ಏರದೆ ಇದ್ದರೆ ಯಾವ ವಿಧಾನವಾದರೂ ಸರಿ.

ಎರಡು, ಮೂರು, ನಾಲ್ಕು ಬಡಿತಗಳ ಮೂಲ ವಿನ್ಯಾಸಗಳು ಯೋಚಿಸದೆಯೇ ಬರುವಷ್ಟು ಕೈಗೆ ಹತ್ತಿರಬೇಕು. ಚೈಕೋವ್‌ಸ್ಕಿಯ ಆರನೇ ಸಿಂಫನಿಯ ಎರಡನೇ ಭಾಗದಂಥ ಐದು ಬಡಿತದ ಸಂಗೀತದಲ್ಲಿ ಎರಡು ಮತ್ತು ಮೂರು ಹೇಗೆ ಕೂಡುತ್ತವೆ ಎಂಬುದನ್ನು ಕೈ ತೋರಿಸಬೇಕಾಗುತ್ತದೆ. ಬಲಗೈಯೇ ಮಾಡುತ್ತಿರುವುದನ್ನು ಎಡಗೈ ಕನ್ನಡಿಯಂತೆ ಅನುಕರಿಸಿದರೆ ಒಂದು ಕೈ ವ್ಯರ್ಥವಾದಂತೆ. ಬಲವನ್ನು ಹೆಚ್ಚು ಕಡಿಮೆ ಮಾಡುವುದು, ಪ್ರವೇಶ ಸೂಚಿಸುವುದು, ಹಿಡಿದ ಸ್ವರವನ್ನು ಉಳಿಸಿಕೊಳ್ಳುವುದು ಎಡಗೈಯ ಕೆಲಸ.

ಆದರೆ ಎಲ್ಲದಕ್ಕಿಂತ ಹೆಚ್ಚು ಅಭ್ಯಾಸ ಬೇಡುವುದು ಮೊದಲ ಸ್ವರಕ್ಕೂ ಮುಂಚಿನ ಒಂದು ಬಡಿತ. ಸದ್ದಿಲ್ಲದ ಆ ಒಂದೇ ಚಲನೆಯಲ್ಲಿ ಗತಿ, ಬಲ, ನಾದದ ಗುಣ ಮೂರೂ ಇರಬೇಕು ಮತ್ತು ಅದು ಉಸಿರು ತೆಗೆದುಕೊಂಡಷ್ಟು ಸಹಜವಾಗಿರಬೇಕು. ಐದನೇ ಸಿಂಫನಿಯ ಆರಂಭ ಇದಕ್ಕೆ ಕಠಿಣ ಪರೀಕ್ಷೆ. ಮೊದಲ ಬಾರ್ ಶುರುವಾಗುವುದೇ ಒಂದು ಎಯ್ತ್ ನೋಟ್‌ನಷ್ಟು ಮೌನದಿಂದ. ತಂತಿವಾದ್ಯಗಳೂ ಕ್ಲಾರಿನೆಟ್‌ಗಳೂ ಸೇರಿ ಮೂರು ಚಿಕ್ಕ ಸ್ವರಗಳನ್ನು ನುಡಿಸುವುದು ಆ ಮೌನದ ನಂತರ. ಅಂದರೆ ಕಂಡಕ್ಟರ್ ಬ್ಯಾಟನ್ ಇಳಿಸಿದಾಗ ಕೇಳಿಸಬೇಕಾದದ್ದು ಏನೂ ಇಲ್ಲ; ಬ್ಯಾಟನ್ ಪುಟಿದೇಳುವಾಗ ಸ್ವರಗಳು ಬರುತ್ತವೆ, ಮತ್ತೆ ಇಳಿದಾಗ ಎರಡನೇ ಬಾರ್‌ನ ದೀರ್ಘಸ್ವರದ ಮೇಲೆ ನಿಲ್ಲುತ್ತವೆ. ಮೊದಲ ಇಳಿತ ಮೆತ್ತಗಿದ್ದರೆ ಅರ್ಧ ಜನ ಮೊದಲೇ, ಅರ್ಧ ಜನ ಆಮೇಲೆ ಬರುತ್ತಾರೆ. ಇದಕ್ಕೆ ಪರಿಹಾರವೆಂದು ಕೆಲವರು ಎರಡು ಮೂರು ಖಾಲಿ ಬಾರ್‌ಗಳನ್ನು ಮುಂಚಿತವಾಗಿ ಬಡಿಯುತ್ತಾರೆ. ಅದರಿಂದ ಭದ್ರತೆ ಬಂದರೂ ಸಿಡಿಲಿನಂಥ ಆರಂಭದ ಮೊನೆ ಮೊಂಡಾಗುತ್ತದೆ. ಒಂದು ಖಾಲಿ ಬಡಿತ, ಅದೂ ನಿಶ್ಚಲ ಸ್ಥಿತಿಯಿಂದ ಚುರುಕಾಗಿ ಎದ್ದದ್ದು, ಸಾಕಾಗುವಂತೆ ಕನ್ನಡಿಯ ಮುಂದೆ ಅಭ್ಯಾಸ ಮಾಡಬೇಕು.

ಅದಾದ ಮೇಲೆ ಫರ್ಮಾಟ, ಅಂದರೆ ಲೆಕ್ಕ ನಿಲ್ಲಿಸಿ ಹಿಡಿಯುವ ಸ್ವರ. ಮೊದಲನೆಯದು ಒಂದು ಬಾರ್‌ನದು. ಎರಡನೆಯದು ಮುಂದಿನ ಬಾರ್‌ಗೂ ಚಾಚಿಕೊಂಡಿದೆ, ಆದ್ದರಿಂದ ಅದು ಮೊದಲನೆಯದಕ್ಕಿಂತ ಉದ್ದವೆಂದು ಕೇಳುಗನಿಗೆ ಅನ್ನಿಸಲೇಬೇಕು. ಮೊದಲ ಫರ್ಮಾಟವನ್ನು ಕತ್ತರಿಸುವ ಚಲನೆಯೇ ಮುಂದಿನ ಮೂರು ಸ್ವರಗಳಿಗೆ ಸಿದ್ಧತೆಯೂ ಆಗಬೇಕೋ, ಅಥವಾ ಕತ್ತರಿಸಿ ಒಂದು ಕ್ಷಣ ತಡೆದು ಹೊಸದಾಗಿ ಎತ್ತಬೇಕೋ? ಎರಡಕ್ಕೂ ಬೇರೆ ಬೇರೆ ಪರಿಣಾಮವಿದೆ, ಕೈಗೆ ಎರಡೂ ಗೊತ್ತಿದ್ದು ಒಂದನ್ನು ಆರಿಸಿರಬೇಕು. ಎರಡನೇ ಫರ್ಮಾಟದ ನಂತರ ಎರಡನೇ ವಯಲಿನ್‌ಗಳು ಮಾತ್ರ ಮೆಲ್ಲಗೆ ಆರಂಭಿಸುತ್ತವೆ, ಹಾಗಾಗಿ ಅಷ್ಟು ಹೊತ್ತೂ ಇಡೀ ವೇದಿಕೆಯ ಮೇಲಿದ್ದ ಕಣ್ಣು ಅವರ ಕಡೆ ತಿರುಗಿರಬೇಕು, ಚಲನೆಯೂ ಅಂಗೈಯಷ್ಟಕ್ಕೆ ಕುಗ್ಗಿರಬೇಕು.

ಕೈ ಏನೂ ಮಾಡಬಾರದ ಜಾಗಗಳನ್ನೂ ಗುರುತಿಸಿಕೊಳ್ಳಬೇಕು. ಅದೇ ಭಾಗದ ಉತ್ತರಾರ್ಧದಲ್ಲಿ ಉಳಿದವರೆಲ್ಲ ನುಡಿಸುವುದನ್ನು ನಿಲ್ಲಿಸಿ ಓಬೊ ಒಂದೇ ನಿಧಾನವಾಗಿ ಹಾಡುವ ಒಂದು ಬಾರ್ ಇದೆ. ಅಲ್ಲಿ ಬ್ಯಾಟನ್ ಇಳಿಸಿ ಓಬೊ ಕಲಾವಿದರಿಗೆ ಸಮಯವನ್ನು ಬಿಟ್ಟುಕೊಟ್ಟು, ಅವರ ಕೊನೆಯ ಸ್ವರದಲ್ಲಿ ಮತ್ತೆ ಎತ್ತಿದರಾಯಿತು.

ಏಕವಾದಕರಿದ್ದಾಗ

ಕಾರ್ಯಕ್ರಮದಲ್ಲಿ ಕನ್ಚೆರ್ಟೊ, ಅಂದರೆ ಏಕವಾದಕರಿಗೂ ಆರ್ಕೆಸ್ಟ್ರಾಗೂ ಬರೆದ ಕೃತಿ, ಇದ್ದರೆ ಆರ್ಕೆಸ್ಟ್ರಾದ ಮುಂದೆ ಹೋಗುವ ಮೊದಲೇ ಏಕವಾದಕರ ಜೊತೆ ಕುಳಿತು ಗತಿಗಳನ್ನೂ, ಅವರು ಸಮಯ ತೆಗೆದುಕೊಳ್ಳುವ ಜಾಗಗಳನ್ನೂ, ಕೆಡೆನ್ಜಾ (ಏಕವಾದಕರು ಒಬ್ಬರೇ ನುಡಿಸುವ ಜಾಗ) ಹೇಗೆ ಮುಗಿಯುತ್ತದೆ ಎಂಬುದನ್ನೂ ಗೊತ್ತುಮಾಡಿಕೊಳ್ಳಬೇಕು. ಬೀಥೋವನ್‌ನ ನಾಲ್ಕನೇ ಪಿಯಾನೊ ಕನ್ಚೆರ್ಟೊದಲ್ಲಿ ಪಿಯಾನೊ ಒಂದೇ ಐದು ಬಾರ್ ನುಡಿಸಿದ ಮೇಲೆ ತಂತಿವಾದ್ಯಗಳು ದೂರದ ಶ್ರುತಿಯೊಂದರಲ್ಲಿ ಬಹಳ ಮೆತ್ತಗೆ ಉತ್ತರಿಸುತ್ತವೆ. ಪಿಯಾನೊದ ಕೊನೆಯ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಮೊದಲೇ ತಿಳಿಯದಿದ್ದರೆ ಆ ಉತ್ತರ ತಡವಾಗುತ್ತದೆ.

ರಿಹರ್ಸಲ್ ಯೋಜನೆ

ವೃತ್ತಿಪರ ಆರ್ಕೆಸ್ಟ್ರಾಗಳಲ್ಲಿ ಒಂದು ಕಾರ್ಯಕ್ರಮಕ್ಕೆ ಸಿಗುವ ರಿಹರ್ಸಲ್‌ಗಳು ಸಾಮಾನ್ಯವಾಗಿ ಮೂರೋ ನಾಲ್ಕೋ, ಒಂದೊಂದು ಎರಡೂವರೆಯಿಂದ ಮೂರು ಗಂಟೆ, ನಡುವೆ ವಿರಾಮ. ಐದನೇ ಸಿಂಫನಿಯೂ ಮೇಲೆ ಹೇಳಿದ ನಾಲ್ಕನೇ ಕನ್ಚೆರ್ಟೊವೂ ಒಳಗೊಂಡಿದ್ದ 1808ರ ಡಿಸೆಂಬರ್ 22ರ ವಿಯೆನ್ನಾ ಕಛೇರಿ, ಸುಮಾರು ನಾಲ್ಕು ಗಂಟೆಗಳ ದೀರ್ಘ ಕಾರ್ಯಕ್ರಮವಾಗಿದ್ದು, ತಾಲೀಮು ಸಾಲದೆ ಕೋರಲ್ ಫ್ಯಾಂಟಸಿ ಎಂಬ ಕೃತಿಯ ಮಧ್ಯದಲ್ಲಿ ಕುಸಿದು, ಬೀಥೋವನ್ ಅದನ್ನು ನಿಲ್ಲಿಸಿ ಮತ್ತೆ ಶುರುಮಾಡಿಸಬೇಕಾಯಿತು. ಸಮಯದ ಲೆಕ್ಕ ಸಂಗೀತದ ಲೆಕ್ಕದಷ್ಟೇ ಮುಖ್ಯವೆಂದು ಒಪ್ಪಿಕೊಳ್ಳಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಯೋಜನೆಯನ್ನು ಕೊನೆಯಿಂದ ಹಿಂದಕ್ಕೆ ಮಾಡಬೇಕು. ಕೊನೆಯ ರಿಹರ್ಸಲ್ ನಿಲ್ಲಿಸದೆ ನುಡಿಸುವುದಕ್ಕೆ ಮೀಸಲು. ಅದಕ್ಕೂ ಮೊದಲು ತಿದ್ದುವ ಕೆಲಸ ಮುಗಿದಿರಬೇಕು. ಯಾವ ವಾದ್ಯ ಯಾವ ಭಾಗದಲ್ಲಿದೆ ಎಂದು ನೋಡಿ ಕ್ರಮ ಹಾಕುವುದು ಕಲಾವಿದರಿಗೆ ತೋರುವ ಗೌರವ: ಐದನೇ ಸಿಂಫನಿಯಲ್ಲಿ ಟ್ರೋಂಬೋನ್, ಪಿಕೊಲೊ, ಕಾಂಟ್ರಾಬಸೂನ್ ಇರುವುದು ನಾಲ್ಕನೇ ಭಾಗದಲ್ಲಿ ಮಾತ್ರವಾದ್ದರಿಂದ ತಾಲೀಮನ್ನು ಅಲ್ಲಿಂದಲೇ ಆರಂಭಿಸಿದರೆ ಅವರನ್ನು ಬೇಗ ಬಿಟ್ಟುಕೊಡಬಹುದು.

ಮೊದಲ ಸಲ ಒಂದು ಭಾಗವನ್ನು ನಿಲ್ಲಿಸದೆ ಕೊನೆಯವರೆಗೆ ನುಡಿಸಿಸುವುದು ಉತ್ತಮ. ಕಂಡಕ್ಟರ್ ತಲೆಯಲ್ಲಿ ಕಟ್ಟಿಕೊಂಡ ನಾದಕ್ಕೂ ಎದುರಿಗೆ ಬರುತ್ತಿರುವ ನಾದಕ್ಕೂ ಎಲ್ಲೆಲ್ಲಿ ಅಂತರವಿದೆ ಎಂಬುದು ಆಗಲೇ ತಿಳಿಯುವುದು. ಅಷ್ಟರಲ್ಲಿ ಕಲಾವಿದರಿಗೂ ತಮ್ಮ ತಪ್ಪುಗಳು ಗೊತ್ತಾಗಿರುತ್ತವೆ, ಅವುಗಳಲ್ಲಿ ಹೆಚ್ಚಿನವನ್ನು ಎರಡನೇ ಸಲ ಅವರೇ ಸರಿಪಡಿಸಿಕೊಳ್ಳುತ್ತಾರೆ; ಒಂದು ತಪ್ಪು ಸ್ವರಕ್ಕಾಗಿ ಎಲ್ಲರನ್ನೂ ನಿಲ್ಲಿಸುವುದು ಅನಗತ್ಯ ಮಾತ್ರವಲ್ಲ, ನುಡಿಸಿದವರಿಗೆ ಮುಜುಗರ ಕೂಡ. ನಿಲ್ಲಿಸಿದಾಗ ಹೇಳಬೇಕಾದ ಕ್ರಮವೂ ಗೊತ್ತಿರಬೇಕು. ಮೊದಲು ಯಾರು, ಆಮೇಲೆ ಎಲ್ಲಿ, ಕೊನೆಗೆ ಏನು: “ವಯೋಲಾಗಳು ಮತ್ತು ಎರಡನೇ ವಯಲಿನ್‌ಗಳು, ಸಿ ಅಕ್ಷರದ ನಂತರ ಒಂಬತ್ತನೇ ಬಾರ್, ಸ್ವರಗಳು ಇನ್ನೂ ಚಿಕ್ಕದಾಗಿರಲಿ.” ಇದನ್ನೇ ತಿರುವುಮುರುವಾಗಿ ಹೇಳಿದರೆ ಸಂಬಂಧವಿಲ್ಲದ ಅರವತ್ತು ಮಂದಿ ಪುಟ ಹುಡುಕುತ್ತಾರೆ, ಸಂಬಂಧಪಟ್ಟವರು ತಮಗೇ ಹೇಳುತ್ತಿದ್ದಾರೆಂದು ತಿಳಿಯುವ ಹೊತ್ತಿಗೆ ಸೂಚನೆ ಮುಗಿದಿರುತ್ತದೆ. ಸೂಚನೆ ಉದ್ದವೋ ಗಿಡ್ಡವೋ, ಜೋರೋ ಮೆತ್ತಗೋ, ಮೊದಲೋ ಆಮೇಲೋ ಎಂಬಂತೆ ಮಾಡಿ ತೋರಿಸಬಹುದಾದ್ದಾಗಿರಬೇಕು. ಶೋಕ, ವಿಧಿ, ಬೆಳಕು ಎಂಬ ಉಪನ್ಯಾಸಗಳಿಂದ ಎರಡನೇ ಹಾರ್ನ್‌ನವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ.

ಸ್ವರಮೇಳ ಶ್ರುತಿಗೆ ಕೂರದಿದ್ದರೆ ಅದನ್ನು ಕೆಳಗಿನಿಂದ ಕಟ್ಟಬೇಕು: ಮೊದಲು ಬಾಸ್ ಸ್ವರ, ಅದರ ಮೇಲೆ ಅದರಿಂದ ಐದನೆಯ ಸ್ವರ, ಕೊನೆಗೆ ಮೂರನೆಯ ಸ್ವರ. ಲಯ ಸಡಿಲವಾಗಿದ್ದರೆ ಯಾರು ಯಾರನ್ನು ಕೇಳಿಸಿಕೊಳ್ಳಬೇಕೆಂದು ಹೇಳಿದರೆ ಸಾಕಾಗುತ್ತದೆ, ಒಂದು ಅಪವಾದದ ಹೊರತು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ವಯಲಿನ್‌ಗಳಿಂದ 15 ಮೀಟರ್ ಹಿಂದೆ ಕುಳಿತ ತಾಳವಾದ್ಯದವರಿಗೆ ಅವುಗಳ ಸದ್ದು ಸೆಕೆಂಡಿನ ನೂರರಲ್ಲಿ ನಾಲ್ಕು ಭಾಗಕ್ಕಿಂತ ಹೆಚ್ಚು ತಡವಾಗಿ ತಲುಪುತ್ತದೆ, ಅವರ ಸದ್ದು ಮುಂದಕ್ಕೆ ಬರಲು ಮತ್ತೆ ಅಷ್ಟೇ ಸಮಯ. ಬೀಥೋವನ್ ಹೇಳಿದ ಗತಿಯಲ್ಲಿ ಎರಡೂ ಸೇರಿ ಒಂದು ಎಯ್ತ್ ನೋಟ್‌ನ ಅರ್ಧಕ್ಕಿಂತ ಹೆಚ್ಚು. ಹಾಗಾಗಿ ಹಿಂದಿನ ಸಾಲಿನವರು ಕಿವಿಗಿಂತ ಕಣ್ಣನ್ನು ನಂಬಬೇಕು, ಅವರು ನಂಬುವಂಥ ಸ್ಪಷ್ಟತೆ ಬ್ಯಾಟನ್‌ನ ತುದಿಯಲ್ಲಿರಬೇಕು.

ಸಭಾಂಗಣ ಮತ್ತು ಕಛೇರಿಯ ದಿನ

ತಾಲೀಮು ಬೇರೆ ಕೋಣೆಯಲ್ಲಿ ನಡೆದಿದ್ದರೆ ಸಭಾಂಗಣದಲ್ಲಿ ಎಲ್ಲವನ್ನೂ ಮತ್ತೊಮ್ಮೆ ಅಳೆಯಬೇಕು. ಕಂಡಕ್ಟರ್ ನಿಲ್ಲುವ ಪೀಠ ಆರ್ಕೆಸ್ಟ್ರಾದ ಸಮತೋಲವನ್ನು ಕೇಳಿಸಿಕೊಳ್ಳಲು ಒಳ್ಳೆಯ ಜಾಗವಲ್ಲ. ಸಹಾಯಕರೊಬ್ಬರನ್ನು ಸಭಿಕರ ಆಸನದಲ್ಲಿ ಕೂರಿಸಿ ಅಭಿಪ್ರಾಯ ಕೇಳುವುದು, ಅಥವಾ ಕನ್ಸರ್ಟ್‌ಮಾಸ್ಟರ್‌ಗೆ ಕೆಲವು ಬಾರ್‌ಗಳನ್ನು ಒಪ್ಪಿಸಿ ತಾನೇ ಇಳಿದು ಹಿಂದಿನ ಸಾಲಿಗೆ ಹೋಗಿ ಕೇಳುವುದು ರೂಢಿಯಲ್ಲಿದೆ. ಖಾಲಿ ಸಭಾಂಗಣದಲ್ಲಿ ಪ್ರತಿಧ್ವನಿ ಹೆಚ್ಚು ಹೊತ್ತು ಉಳಿಯುತ್ತದೆ, ಜನ ತುಂಬಿದ ಮೇಲೆ ಅವರ ಬಟ್ಟೆ ಮೈಗಳು ಅದನ್ನು ಹೀರಿಕೊಳ್ಳುತ್ತವೆ. ಮಧ್ಯಾಹ್ನ ಸರಿಯೆನಿಸಿದ ವಿರಾಮಗಳು ಸಂಜೆಗೆ ಉದ್ದವೆನಿಸಬಹುದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಅಂದಿನ ತಾಲೀಮಿನಲ್ಲಿ ಹಿತ್ತಾಳೆ ವಾದ್ಯದವರನ್ನು ಪೂರ್ಣ ಬಲದಲ್ಲಿ ಊದಿಸಬಾರದು. ತುಟಿ ದಣಿದರೆ ಸಂಜೆಗೆ ಸರಿಹೋಗುವುದಿಲ್ಲ.

ಸ್ಟ್ಯಾಂಡಿನ ಎತ್ತರ, ಪೀಠದ ಗಟ್ಟಿತನ, ಇನ್ನೊಂದು ಬ್ಯಾಟನ್, ಬೆಳಕು ಕಣ್ಣಿಗೆ ಹೊಡೆಯುತ್ತದೆಯೇ ಎಂಬುದು, ಇವನ್ನೆಲ್ಲ ಜನ ಬರುವ ಮೊದಲೇ ನೋಡಿಕೊಳ್ಳಬೇಕು. ಸ್ಕೋರ್ ಇಲ್ಲದೆ ನಿರ್ವಹಿಸಬೇಕೇ ಎಂಬ ಪ್ರಶ್ನೆಗೆ ಸಾರ್ವತ್ರಿಕ ಉತ್ತರವಿಲ್ಲ. ಟೊಸ್ಕನಿನಿ ದೃಷ್ಟಿದೋಷದ ಕಾರಣದಿಂದ ಎಲ್ಲವನ್ನೂ ಕಂಠಸ್ಥ ಮಾಡಿಕೊಂಡಿದ್ದ. ಅಂಥ ಅಗತ್ಯವೂ ಅಂಥ ಸ್ಮರಣೆಯೂ ಇಲ್ಲದವರು ಸ್ಕೋರ್ ತೆರೆದಿಟ್ಟುಕೊಂಡು ಅದನ್ನು ವಿರಳವಾಗಿ ನೋಡಿದರೆ ಯಾರೂ ಕಡಿಮೆಯೆಂದು ತಿಳಿಯುವುದಿಲ್ಲ.

ವೇದಿಕೆಗೆ ಹೋಗುವ ಮುನ್ನದ ಹತ್ತು ನಿಮಿಷವನ್ನು ಪ್ರತಿ ಭಾಗದ ಮೊದಲ ಎರಡು ಬಾರ್‌ಗಳ ಗತಿಯನ್ನು ಒಳಗೇ ಹಾಡಿಕೊಳ್ಳಲು ಬಳಸಬೇಕು. ನಾಡಿ ವೇಗವಾಗಿ ಬಡಿಯುತ್ತಿರುವಾಗ ಸರಿಯಾದ ಗತಿಯೂ ನಿಧಾನವೆನಿಸುತ್ತದೆ, ಆದ್ದರಿಂದ ಮನಸ್ಸಿನಲ್ಲಿ ಗತಿ ಹಿಡಿಯಲು ಕ್ಲಿಷ್ಟವಾದ ಜಾಗವನ್ನು ನೆನೆಯುವ ಹಿಂದಿನ ಉಪಾಯ ಇಲ್ಲಿಯೂ ಕೆಲಸಕ್ಕೆ ಬರುತ್ತದೆ. ಓಬೊ ಕೊಡುವ ಎ ಸ್ವರಕ್ಕೆ, ಸಾಮಾನ್ಯವಾಗಿ 440 ಹರ್ಟ್ಸ್, ಯೂರೋಪಿನ ಹಲವೆಡೆ 442 ಅಥವಾ 443, ಎಲ್ಲರೂ ಶ್ರುತಿ ಕೂಡಿಸಿಕೊಂಡ ಮೇಲೆ ಕಂಡಕ್ಟರ್ ಬಂದು ಕನ್ಸರ್ಟ್‌ಮಾಸ್ಟರ್‌ನ ಕೈಕುಲುಕಿ ಪೀಠ ಏರುತ್ತಾರೆ. ಚಪ್ಪಾಳೆ ನಿಂತು, ಹಿಂದಿನ ಸಾಲಿನವರೂ ವಾದ್ಯ ಎತ್ತಿದ್ದು ಕಣ್ಣಿಗೆ ಕಂಡ ಮೇಲೆಯೇ ಕೈ ಎತ್ತಬೇಕು.

ನುಡಿಸುತ್ತಿರುವಾಗ ಆಗಿಹೋದ ತಪ್ಪಿನ ಬಗ್ಗೆ ಮುಖದಲ್ಲಿ ಏನೂ ತೋರಿಸಬಾರದು. ಯಾರೋ ದಾರಿ ತಪ್ಪಿದ್ದಾರೆಂದು ಗೊತ್ತಾದರೆ ಬಡಿತವನ್ನು ಸರಳಗೊಳಿಸಿ, ಪ್ರತಿ ಬಾರ್‌ನ ಮೊದಲ ಬಡಿತವನ್ನು ದೊಡ್ಡದಾಗಿ ತೋರಿಸಿ, ಮುಂದಿನ ರಿಹರ್ಸಲ್ ಅಕ್ಷರ ಬರುವ ಕ್ಷಣಕ್ಕೆ ಆ ವಿಭಾಗದ ಕಡೆ ನೇರ ಸನ್ನೆ ಕೊಟ್ಟರೆ ಬಹುಮಟ್ಟಿಗೆ ಎಲ್ಲವೂ ದಾರಿಗೆ ಬರುತ್ತದೆ. ಐದನೇ ಸಿಂಫನಿಯ ಮೂರನೇ ಭಾಗ ನಿಲ್ಲದೆ ನಾಲ್ಕನೆಯದಕ್ಕೆ ಹರಿಯುವುದರಿಂದ, ಅಷ್ಟು ಹೊತ್ತು ತಣ್ಣಗಾದ ವಾದ್ಯ ಹಿಡಿದು ಕುಳಿತ ಟ್ರೋಂಬೋನ್‌ನವರಿಗೆ ಕೆಲವು ಬಾರ್‌ಗಳಷ್ಟು ಮೊದಲೇ ಒಂದು ನೋಟ ಸಲ್ಲಬೇಕು. ಭಾಗಗಳ ನಡುವಿನ ವಿರಾಮಗಳನ್ನೂ ಯೋಜಿಸಿರಬೇಕು: ಚೈಕೋವ್‌ಸ್ಕಿಯ ಆರನೆಯದರಲ್ಲಿ ಅಬ್ಬರದ ಮೂರನೇ ಭಾಗ ಮುಗಿದಾಗ ಸಭಿಕರು ಚಪ್ಪಾಳೆ ತಟ್ಟುವ ಸಂಭವ ಹೆಚ್ಚು, ಮುಂದಿನದು ದುಃಖದ ನಿಧಾನ ಭಾಗ. ಕೈಗಳನ್ನು ಇಳಿಸದೆ ನೇರ ಮುಂದುವರಿಯುವುದೋ, ಚಪ್ಪಾಳೆಗೆ ಬಿಟ್ಟು ಮೌನ ಮರಳುವವರೆಗೆ ಕಾಯುವುದೋ ಎಂಬುದನ್ನು ಆ ಕ್ಷಣದಲ್ಲಿ ಯೋಚಿಸಲು ಸಮಯವಿರುವುದಿಲ್ಲ.

ಕೃತಿ ಮುಗಿದ ಮೇಲೆ ಯಾರನ್ನು ಯಾವ ಕ್ರಮದಲ್ಲಿ ಎಬ್ಬಿಸಿ ಸಭಿಕರಿಗೆ ತೋರಿಸಬೇಕೆಂಬ ಪಟ್ಟಿಯನ್ನು ಸ್ಕೋರ್‌ನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳುವುದು ವಾಡಿಕೆ. ಓಬೊ ಮತ್ತು ಹಾರ್ನ್‌ಗಳನ್ನು ಮರೆತರೆ ಅವರು ಅದನ್ನು ಮರೆಯುವುದಿಲ್ಲ. ಅದೇ ರಾತ್ರಿ, ಕಿವಿಯಲ್ಲಿ ನಾದ ಹಸಿಯಾಗಿರುವಾಗಲೇ, ಪ್ರತಿ ಭಾಗಕ್ಕೆ ಹಿಡಿದ ಸಮಯವನ್ನೂ ಕೈ ಸರಿಹೋಗದ ಜಾಗಗಳನ್ನೂ ಸ್ಕೋರ್‌ನಲ್ಲಿ ಬರೆದುಕೊಂಡು, ಪಾರ್ಟ್‌ಗಳಲ್ಲಿ ಬದಲಿಸಬೇಕಾದ ಗುರುತುಗಳ ಪಟ್ಟಿಯನ್ನು ಗ್ರಂಥಪಾಲಕರಿಗೆ ಕೊಡಬೇಕು. ಬಾಡಿಗೆಗೆ ತಂದ ಪಾರ್ಟ್‌ಗಳಾಗಿದ್ದರೆ ಪ್ರಕಾಶಕರಿಗೆ ಹಿಂತಿರುಗಿಸುವ ಮೊದಲು ಕಮಾನಿನ ಗುರುತುಗಳ ಒಂದು ಪ್ರತಿಯನ್ನು ತೆಗೆದಿಡಲು ಹೇಳಬೇಕು.